ಬ್ರೌಸರ್ ಕುಕಿ: ಯಾವುದು ಬೇಕು, ಯಾವುದು ಬೇಡ

ಕುಕಿ ಎಂಬುದು ಜಾಲತಾಣವೊಂದು ಬಳಕೆದಾರರ ಬ್ರೌಸರ್‌ನಲ್ಲಿ ಬರೆದಿಡುವ ಪುಟ್ಟ ಪಠ್ಯ. ಅದಕ್ಕೊಂದು ಹೆಸರು, ಒಂದು ಮೌಲ್ಯ, ಎಷ್ಟು ದಿನ ಉಳಿಯಬೇಕೆಂಬ ಅವಧಿ, ಯಾವ ತಾಣಕ್ಕೆ ಸೇರಿದ್ದೆಂಬ ವಿವರ ಇರುತ್ತವೆ. ಗಾತ್ರ ಹೆಚ್ಚೆಂದರೆ ಸುಮಾರು 4 ಕಿಲೋಬೈಟ್. ಕುಕಿ ಪ್ರೋಗ್ರಾಮ್ ಅಲ್ಲ. ತಾನಾಗಿ ಓಡುವುದಿಲ್ಲ, ವೈರಸ್ ಹರಡುವುದಿಲ್ಲ, ಫೋನಿನಲ್ಲಿರುವ ಫೋಟೊಗಳಿಗೆ ಕೈ ಹಾಕುವುದೂ ಇಲ್ಲ. ಒಂದು ತಾಣ ಇಟ್ಟ ಕುಕಿಯನ್ನು ಇನ್ನೊಂದು ತಾಣ ಓದದಂತೆ ಬ್ರೌಸರ್ ಕಾಯುತ್ತದೆ.

ಕೆಲವು ದಿನ ಬ್ರೌಸರ್ ಬಳಸಿದರೆ ಸಾಕು, ಹತ್ತಾರು ತಾಣಗಳ ಕುಕಿಗಳು ಸದ್ದಿಲ್ಲದೆ ಬಂದು ಕೂತಿರುತ್ತವೆ. ಅವುಗಳಲ್ಲಿ ಕೆಲವು ಇಲ್ಲದಿದ್ದರೆ ಬ್ಯಾಂಕ್ ವ್ಯವಹಾರ, ರೈಲು ಟಿಕೆಟ್, ಆನ್‌ಲೈನ್ ಖರೀದಿ ಯಾವುದೂ ಸಲೀಸಾಗಿ ನಡೆಯದು. ಇನ್ನು ಕೆಲವನ್ನು ಅಳಿಸಿದರೆ ಬಳಕೆದಾರರಿಗೆ ಎಳ್ಳಷ್ಟೂ ನಷ್ಟವಿಲ್ಲ. ನಷ್ಟವೇನಿದ್ದರೂ ಜಾಹೀರಾತು ಕಂಪನಿಗಳಿಗೆ. ಈ ಎರಡು ಬಗೆಗಳನ್ನು ಬೇರ್ಪಡಿಸಿ ನೋಡುವುದು ಗೊತ್ತಾದರೆ ಕುಕಿಗೆ ಸಂಬಂಧಿಸಿದ ಬಹುಪಾಲು ಗೊಂದಲ ಕಳೆಯುತ್ತದೆ.

ಕುಕಿ ಹುಟ್ಟಿದ ಕಾರಣ

ಜಾಲತಾಣಗಳು ಬ್ರೌಸರ್ ಜೊತೆ ಮಾತಾಡುವುದು ಎಚ್‌ಟಿಟಿಪಿ ಎಂಬ ನಿಯಮಾವಳಿಯಲ್ಲಿ. ಈ ನಿಯಮಾವಳಿಗೆ ಸ್ವಂತ ನೆನಪಿಲ್ಲ. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ವ್ಯವಹಾರ ಮುಗಿಯಿತು. ಮರುಗಳಿಗೆ ಅದೇ ಬ್ರೌಸರ್ ಇನ್ನೊಂದು ಪುಟ ಕೇಳಿದರೂ ಸರ್ವರಿನ ಪಾಲಿಗೆ ಅದು ಹೊಸ ಪರಿಚಯ. ಬರೀ ಲೇಖನ ಓದುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಆದರೆ ಪುಸ್ತಕ ಆರಿಸಿ, ಬುಟ್ಟಿಗೆ ಹಾಕಿ, ವಿಳಾಸ ತುಂಬಿ, ಹಣ ಕಟ್ಟುವ ಕೆಲಸದಲ್ಲಿ ಹಿಂದಿನ ಹೆಜ್ಜೆಯ ನೆನಪಿಲ್ಲದೆ ಮುಂದಿನ ಹೆಜ್ಜೆ ಸಾಧ್ಯವಿಲ್ಲ.

ಈ ತೊಡಕಿಗೆ 1994ರಲ್ಲಿ ದಾರಿ ಹುಡುಕಿದವರು ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮೊಂಟುಲ್ಲಿ. ಎಂಸಿಐ ಎಂಬ ದೂರಸಂಪರ್ಕ ಕಂಪನಿಗೆ ಆನ್‌ಲೈನ್ ಅಂಗಡಿ ಬೇಕಿತ್ತು. ಅರ್ಧಕ್ಕೆ ನಿಂತ ಖರೀದಿಗಳ ಲೆಕ್ಕವನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವುದು ಮಾತ್ರ ಬೇಡವಾಗಿತ್ತು. ಆ ಲೆಕ್ಕವನ್ನು ಬಳಕೆದಾರರ ಕಂಪ್ಯೂಟರಿನಲ್ಲೇ ಬರೆದಿಡುವ ಉಪಾಯವೇ ಕುಕಿ. ಪ್ರತಿ ಬ್ರೌಸರಿಗೂ ಶಾಶ್ವತ ಗುರುತಿನ ಸಂಖ್ಯೆಯೊಂದನ್ನು ಕೊಟ್ಟುಬಿಡುವ ಸುಲಭದ ದಾರಿಯೂ ಅವರ ಮುಂದಿತ್ತು. ಹಾಗೆ ಮಾಡಿದರೆ ಎಲ್ಲ ತಾಣಗಳೂ ಒಂದೇ ಸಂಖ್ಯೆ ಹಿಡಿದು ಒಬ್ಬರ ಬೆನ್ನು ಹತ್ತಬಹುದೆಂದು ಮೊಂಟುಲ್ಲಿ ಅದನ್ನು ಕೈಬಿಟ್ಟರು. ಇಟ್ಟ ತಾಣಕ್ಕೆ ಮಾತ್ರ ಮರಳುವ ಕುಕಿ ಆ ಎಚ್ಚರದ ಫಲ.

1995ರಲ್ಲಿ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ ಕುಕಿಗಳನ್ನು ಬಳಸತೊಡಗಿತು. ಬ್ರೌಸರ್ ತಮ್ಮ ಕಂಪ್ಯೂಟರಿನಲ್ಲಿ ಏನನ್ನೋ ಬರೆದಿಡುತ್ತಿದೆ ಎಂಬುದು ಜನಸಾಮಾನ್ಯರಿಗೆ ತಿಳಿದದ್ದು 1996ರ ಫೆಬ್ರುವರಿಯಲ್ಲಿ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ವರದಿ ಮಾಡಿದ ಮೇಲೆ. 1997ರಲ್ಲಿ ಹೊರಬಂದ ಮೊದಲ ತಾಂತ್ರಿಕ ಮಾನದಂಡ, ಬಳಕೆದಾರರು ತೆರೆದ ತಾಣ ಬಿಟ್ಟು ಬೇರೆಯವರು ಇಡುವ ಕುಕಿಗಳಿಗೆ ಬ್ರೌಸರ್‌ಗಳು ತಾವಾಗಿ ಅವಕಾಶ ಕೊಡಬಾರದೆಂದು ಸೂಚಿಸಿತ್ತು. ಆಗಿನ ಎರಡು ದೊಡ್ಡ ಬ್ರೌಸರ್‌ಗಳೂ ಆ ಮಾತನ್ನು ಪಾಲಿಸಲಿಲ್ಲ. ಇಂದಿನ ಖಾಸಗಿತನದ ಸಮಸ್ಯೆಯ ಬೇರು ಇರುವುದು ಅಲ್ಲಿಯೇ.

ಕೆಲಸ ಮಾಡುವ ಬಗೆ

ಬಳಕೆದಾರರು ಒಂದು ತಾಣದಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುತ್ತಾರೆ ಎನ್ನೋಣ. ಸರ್ವರ್ ಅವನ್ನು ತಾಳೆ ನೋಡಿ, ಯಾರೂ ಊಹಿಸಲಾಗದ ಉದ್ದನೆಯ ಸಂಖ್ಯೆಯೊಂದನ್ನು ಹುಟ್ಟುಹಾಕಿ, ಪುಟದ ಜೊತೆಗೆ ಕುಕಿಯ ರೂಪದಲ್ಲಿ ಕಳಿಸುತ್ತದೆ. ಬ್ರೌಸರ್ ಅದನ್ನು ಎತ್ತಿಟ್ಟುಕೊಂಡು, ಆ ತಾಣಕ್ಕೆ ಹೋದಾಗಲೆಲ್ಲ ಕೇಳದೆಯೇ ತೋರಿಸುತ್ತದೆ. ದೇವಸ್ಥಾನದ ಮುಂದಿನ ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುವ ಬಿಲ್ಲೆಯ ಹಾಗೆ ಇದು: ಬಿಲ್ಲೆಯ ಮೇಲೆ ಇರುವುದು ಬರೀ ಒಂದು ಸಂಖ್ಯೆ, ಸಾಮಾನು ಇರುವುದು ಒಳಗೆ. ಹೆಸರು, ವಿಳಾಸ, ಖರೀದಿಯ ಇತಿಹಾಸ ಸಾಮಾನ್ಯವಾಗಿ ಇರುವುದು ಸರ್ವರಿನಲ್ಲಿ. ಕುಕಿಯಲ್ಲಿರುವುದು ಅದನ್ನು ಹುಡುಕಿ ತೆಗೆಯುವ ಸಂಖ್ಯೆ ಮಾತ್ರ. ಕುಕಿಯಲ್ಲಿ ವೈಯಕ್ತಿಕ ವಿವರವೇ ಇಲ್ಲ ಎಂದು ಕಂಪನಿಗಳು ಹೇಳಿದಾಗ ಈ ಮಾತನ್ನು ನೆನಪಿಡಬೇಕು. ವಿವರ ಕುಕಿಯಲ್ಲಿ ಇಲ್ಲದಿದ್ದರೂ ಸಂಖ್ಯೆ ಕೈಯಲ್ಲಿದ್ದವರಿಗೆ ಅದು ಸಿಗುತ್ತದೆ.

ಅವಧಿಯ ಲೆಕ್ಕದಲ್ಲಿ ಕುಕಿಗಳು ಎರಡು ತರ. ಬ್ರೌಸರ್ ಮುಚ್ಚಿದೊಡನೆ ಅಳಿಯಬೇಕಾದವು ಸೆಷನ್ ಕುಕಿಗಳು. ದಿನಾಂಕ ನಮೂದಿಸಿ ಇಟ್ಟು, ಅಲ್ಲಿಯವರೆಗೂ ಉಳಿಯುವವು ಸ್ಥಿರ ಕುಕಿಗಳು. ‘ನನ್ನನ್ನು ನೆನಪಿಡು’ ಎಂಬ ಚೌಕಕ್ಕೆ ಗುರುತು ಹಾಕಿದಾಗ ಬರುವುದು ಎರಡನೆಯ ಬಗೆಯದು. ಹಿಂದೆ ಹತ್ತಿಪ್ಪತ್ತು ವರ್ಷಗಳ ಅವಧಿ ಬರೆದ ಕುಕಿಗಳೂ ಇದ್ದವು. 2022ರಿಂದ ಕ್ರೋಮ್ ಬ್ರೌಸರ್ 400 ದಿನಗಳ ಮಿತಿ ಹಾಕಿದೆ. ಆದರೆ ಬಳಕೆದಾರರು ತಾಣಕ್ಕೆ ಮತ್ತೆ ಬಂದಾಗ ಅದು ಅವಧಿಯನ್ನು ನವೀಕರಿಸಿಕೊಳ್ಳಬಹುದು. ಹಾಗಾಗಿ ಆಗಾಗ ನೋಡುವ ತಾಣದ ಕುಕಿ ತಾನಾಗಿ ಸಾಯುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ತೆರೆಯದ ತಾಣದಿಂದ ಬರುವ ಕುಕಿ

ವಿಳಾಸ ಪಟ್ಟಿಯಲ್ಲಿ ಕಾಣುವ ತಾಣವೇ ಇಡುವುದು ಫಸ್ಟ್ ಪಾರ್ಟಿ ಕುಕಿ. ಲಾಗಿನ್, ಖರೀದಿ ಬುಟ್ಟಿ, ಆರಿಸಿಕೊಂಡ ಭಾಷೆ ಇವೆಲ್ಲ ಹೆಚ್ಚಾಗಿ ಈ ಗುಂಪಿನವು. ಆದರೆ ಇಂದಿನ ಜಾಲಪುಟ ಒಂದೇ ಕಡೆಯಿಂದ ಬರುವುದಿಲ್ಲ. ಸುದ್ದಿತಾಣದ ಒಂದು ಪುಟದಲ್ಲಿ ಬರಹ ಅವರದ್ದು, ವೀಡಿಯೊ ಇನ್ನೊಬ್ಬರದ್ದು, ಲೈಕ್ ಗುಂಡಿ ಮತ್ತೊಬ್ಬರದ್ದು, ಜಾಹೀರಾತುಗಳು ಐದಾರು ಕಂಪನಿಗಳವು. ಪುಟ ತೆರೆದೊಡನೆ ಬ್ರೌಸರ್ ಇಷ್ಟೂ ಕಂಪನಿಗಳ ಸರ್ವರಿಗೆ ಕೋರಿಕೆ ಕಳಿಸುತ್ತದೆ. ಉತ್ತರದ ಜೊತೆ ಅವೂ ತಮ್ಮ ಕುಕಿ ಇಡಬಹುದು. ಅವೇ ಥರ್ಡ್ ಪಾರ್ಟಿ ಕುಕಿಗಳು. ಲೈಕ್ ಗುಂಡಿಯನ್ನು ಒತ್ತಬೇಕೆಂದೇನೂ ಇಲ್ಲ, ಪುಟದಲ್ಲಿ ಅದು ಕಾಣಿಸಿಕೊಂಡರೆ ಸಾಕು. ಕೆಲವೊಮ್ಮೆ ಕಾಣುವುದೂ ಬೇಡ: ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರದ ಪಾರದರ್ಶಕ ಚಿತ್ರವೂ ಇದೇ ಕೆಲಸ ಮಾಡುತ್ತದೆ.

ಒಬ್ಬರು ಬೆಳಿಗ್ಗೆ ಆರೋಗ್ಯದ ತಾಣದಲ್ಲಿ ಮಧುಮೇಹಿಗಳ ಆಹಾರದ ಬಗ್ಗೆ ಓದುತ್ತಾರೆ. ಮಧ್ಯಾಹ್ನ ಸಾಲದ ಬಡ್ಡಿ ಹೋಲಿಸುವ ತಾಣಕ್ಕೆ ಹೋಗುತ್ತಾರೆ. ರಾತ್ರಿ ಕ್ರಿಕೆಟ್ ಸ್ಕೋರ್ ನೋಡುತ್ತಾರೆ. ಈ ಮೂರು ತಾಣಗಳಿಗೂ ಪರಸ್ಪರ ಸಂಬಂಧವಿಲ್ಲ. ಆದರೆ ಮೂರರಲ್ಲೂ ಒಂದೇ ಜಾಹೀರಾತು ಕಂಪನಿಯ ತುಣುಕು ಇದ್ದರೆ, ಆ ಕಂಪನಿ ಮೊದಲ ತಾಣದಲ್ಲಿ ಇಟ್ಟ ಸಂಖ್ಯೆಯೇ ಉಳಿದೆರಡರಲ್ಲೂ ಅದರ ಕೈಗೆ ಮರಳುತ್ತದೆ. ಜೊತೆಗೆ ಯಾವ ತಾಣದಿಂದ ಕೋರಿಕೆ ಬಂತು ಎಂಬ ಸುಳಿವೂ ಸಿಗುತ್ತದೆ. ಆರೋಗ್ಯ, ಹಣಕಾಸು, ಅಭಿರುಚಿ ಮೂರೂ ಒಂದೇ ಸಂಖ್ಯೆಯ ಅಡಿಯಲ್ಲಿ ಸೇರುತ್ತವೆ. ಕುಕಿ ಇಟ್ಟವರಿಗೆ ಮಾತ್ರ ಮರಳಬೇಕೆಂಬ ಮೂಲ ನಿಯಮ ಇಲ್ಲಿ ಮುರಿದಿಲ್ಲ. ಇಟ್ಟವರು ಎಲ್ಲ ಕಡೆಯೂ ಇದ್ದಾರೆ, ಅಷ್ಟೆ.

1990ರ ದಶಕದ ಮಧ್ಯಭಾಗದಲ್ಲಿ ಶುರುವಾದ ಡಬಲ್‌ಕ್ಲಿಕ್ ಕಂಪನಿ ಈ ಉಪಾಯವನ್ನು ದೊಡ್ಡ ಉದ್ಯಮವಾಗಿ ಬೆಳೆಸಿತು. 1999ರಲ್ಲಿ ಅದು ಅಬಾಕಸ್ ಡೈರೆಕ್ಟ್ ಎಂಬ ಕಂಪನಿಯನ್ನು ಕೊಂಡಿತು. ಅಬಾಕಸ್ ಬಳಿ ಅಮೆರಿಕದ ಕುಟುಂಬಗಳ ಹೆಸರು, ವಿಳಾಸ, ಅಂಚೆ ಖರೀದಿಯ ವಿವರಗಳಿದ್ದವು. ಅನಾಮಿಕ ಸಂಖ್ಯೆಗೆ ಹೆಸರು ಜೋಡಿಸುವ ಯೋಜನೆಗೆ ಭಾರಿ ವಿರೋಧ ಎದ್ದು, ಅಲ್ಲಿನ ವ್ಯಾಪಾರ ಆಯೋಗ ವಿಚಾರಣೆ ನಡೆಸಿ, 2000ದಲ್ಲಿ ಕಂಪನಿ ಆ ಯೋಜನೆಯಿಂದ ಹಿಂದೆ ಸರಿಯಿತು. 2008ರಲ್ಲಿ ಡಬಲ್‌ಕ್ಲಿಕ್ ಗೂಗಲ್ ವಶಕ್ಕೆ ಬಂತು.

ಈಗಿನ ವ್ಯವಸ್ಥೆ ಇನ್ನೂ ಚುರುಕು. ಪುಟ ತೆರೆದುಕೊಳ್ಳುವ ಕ್ಷಣದಲ್ಲಿ ಅದರ ಜಾಹೀರಾತು ಜಾಗ ಹರಾಜಿಗೆ ಹೋಗುತ್ತದೆ. ಯಾರು ನೋಡುತ್ತಿದ್ದಾರೆ ಎಂಬ ಸುಳಿವು ಹಲವಾರು ಕಂಪನಿಗಳಿಗೆ ಒಟ್ಟಿಗೇ ತಲುಪಿ, ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಬಿಡ್ ಮುಗಿಯುತ್ತದೆ. ಹರಾಜಿನಲ್ಲಿ ಸೋತ ಕಂಪನಿಗೂ ಸುಳಿವು ಸಿಕ್ಕೇ ಇರುತ್ತದೆ. ಒಂದು ಕಂಪನಿಯ ಸಂಖ್ಯೆ ಇನ್ನೊಂದರ ಯಾವ ಸಂಖ್ಯೆಗೆ ಸಮ ಎಂದು ಹೊಂದಿಸಿಕೊಳ್ಳುವ ಪದ್ಧತಿಯೂ ಇದೆ. ಅದಕ್ಕೆ ಕುಕಿ ಸಿಂಕಿಂಗ್ ಎನ್ನುತ್ತಾರೆ.

ಒಂದು ಕುಕಿಯನ್ನು ಬಿಡಿಸಿ ನೋಡಿದರೆ

ಕಂಪ್ಯೂಟರಿನ ಕ್ರೋಮ್‌ನಲ್ಲಿ ಯಾವುದೇ ತಾಣ ತೆರೆದು ಎಫ್12 ಕೀಲಿ ಒತ್ತಿ, ಅಪ್ಲಿಕೇಶನ್ ಎಂಬ ವಿಭಾಗದಲ್ಲಿ ಕುಕೀಸ್ ಎಂಬುದನ್ನು ಆರಿಸಿದರೆ ಆ ಪುಟಕ್ಕೆ ಸಂಬಂಧಿಸಿದ ಕುಕಿಗಳ ಪಟ್ಟಿ ತೆರೆದುಕೊಳ್ಳುತ್ತದೆ. ಹೆಸರು, ಮೌಲ್ಯ, ತಾಣ, ಅವಧಿ ಸಾಲುಸಾಲಾಗಿ ಕಾಣುತ್ತವೆ. ತಾಣದ ಅಂಕಣದಲ್ಲಿ ತೆರೆದ ತಾಣದ ಹೆಸರು ಬಿಟ್ಟು ಬೇರೆ ಹೆಸರಿದ್ದರೆ ಅದು ಥರ್ಡ್ ಪಾರ್ಟಿ ಕುಕಿ.

ಬಹಳಷ್ಟು ತಾಣಗಳಲ್ಲಿ ಸಿಗುವುದು ಗೂಗಲ್ ಅನಲಿಟಿಕ್ಸ್‌ನ ಕುಕಿ. ಹೆಸರಿನಲ್ಲಿ ಜಿ, ಎ ಎಂಬ ಎರಡಕ್ಷರ ಇರುತ್ತವೆ. ಅದರ ಮೌಲ್ಯವನ್ನು ಚುಕ್ಕಿಗಳು ತುಂಡು ತುಂಡಾಗಿ ಬೇರ್ಪಡಿಸುತ್ತವೆ. ಮೊದಲ ತುಂಡುಗಳು ಆವೃತ್ತಿಯಂಥ ತಾಂತ್ರಿಕ ವಿವರ. ಮೂರನೆಯದು ಮನಬಂದಂತೆ ಆರಿಸಿದ ಒಂದು ದೊಡ್ಡ ಸಂಖ್ಯೆ. ಕೊನೆಯದು ಆ ತಾಣಕ್ಕೆ ಈ ಬ್ರೌಸರ್ ಮೊದಲ ಸಲ ಬಂದ ಹೊತ್ತು, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ ಲೆಕ್ಕದಲ್ಲಿ. ಕೊನೆಯ ತುಂಡು 1700000000 ಎಂದಿದ್ದರೆ ಭಾರತೀಯ ಕಾಲಮಾನದಲ್ಲಿ ಅದು 2023ರ ನವೆಂಬರ್ 15ರ ನಸುಕಿನ 3 ಗಂಟೆ 43 ನಿಮಿಷ 20 ಸೆಕೆಂಡ್. ಕೊನೆಯ ಎರಡು ತುಂಡುಗಳು ಸೇರಿ ಆ ಬ್ರೌಸರಿಗೆ ಬೇರೆ ಯಾರಿಗೂ ಇಲ್ಲದ ಗುರುತೊಂದು ಸಿಗುತ್ತದೆ. ತಾಣದ ಮಾಲೀಕರಿಗೆ ಇದರಿಂದ ಎಷ್ಟು ಜನ ಹೊಸಬರು, ಎಷ್ಟು ಜನ ಮತ್ತೆ ಬಂದವರು ಎಂಬ ಲೆಕ್ಕ ಸಿಗುತ್ತದೆ. ಅದು ಕೆಟ್ಟ ಉದ್ದೇಶವೇನಲ್ಲ; ಆದರೆ ತಾಣ ನಡೆಯಲು ಅತ್ಯಗತ್ಯವೂ ಅಲ್ಲ.

ಖಾಸಗಿತನಕ್ಕೆ ಆಗುವ ಪೆಟ್ಟು

ನೋಡಿದ ಕುಕ್ಕರ್‌ನ ಜಾಹೀರಾತು ವಾರಗಟ್ಟಲೆ ಬೆನ್ನು ಬೀಳುವುದು ಕಿರಿಕಿರಿ, ಅಷ್ಟೆ. ನಿಜವಾದ ತೊಂದರೆ ಅದಕ್ಕಿಂತ ಆಳದ್ದು. ಗರ್ಭಧಾರಣೆ, ಮಾನಸಿಕ ಆರೋಗ್ಯ, ಸಾಲ, ಹೊಸ ಕೆಲಸದ ಹುಡುಕಾಟ, ಧಾರ್ಮಿಕ ಹಾಗೂ ರಾಜಕೀಯ ಒಲವು—ಮನೆಯವರಿಗೂ ಹೇಳದ ಸಂಗತಿಗಳನ್ನು ಜನ ಬ್ರೌಸರ್‌ನಲ್ಲಿ ಹುಡುಕುತ್ತಾರೆ. ಬಿಡಿಬಿಡಿಯಾಗಿ ಅಲ್ಪವೆನಿಸುವ ಈ ಹುಡುಕಾಟಗಳನ್ನು ಒಟ್ಟು ಹಾಕಿದರೆ ಒಬ್ಬ ವ್ಯಕ್ತಿಯ ಬದುಕಿನ ಚಿತ್ರ ಮೂಡುತ್ತದೆ. ಆ ಚಿತ್ರ ಯಾರ ಬಳಿ ಇದೆ, ಎಷ್ಟು ವರ್ಷ ಇರುತ್ತದೆ, ಯಾರಿಗೆ ಮಾರಾಟವಾಗುತ್ತದೆ ಎಂಬುದು ಆ ವ್ಯಕ್ತಿಗೆ ಗೊತ್ತಾಗುವುದಿಲ್ಲ.

ಸಂಖ್ಯೆ ಅನಾಮಿಕ ಎಂಬ ಸಮಾಧಾನವೂ ಬಹಳ ಹೊತ್ತು ನಿಲ್ಲದು. ಜಾಲದಲ್ಲಿ ಎಲ್ಲೋ ಒಂದು ಕಡೆ ಇಮೇಲ್ ಅಥವಾ ಮೊಬೈಲ್ ಸಂಖ್ಯೆ ಕೊಟ್ಟೊಡನೆ ಅದನ್ನು ಹಳೆಯ ಕುಕಿ ಸಂಖ್ಯೆಗೆ ಜೋಡಿಸಬಹುದು. ಆಮೇಲೆ ಹಿಂದಿನ ಜಾಡಿಗೂ ಹೆಸರು ಬಂದಂತೆ. ಮನೆಮಂದಿಯೆಲ್ಲ ಒಂದೇ ಕಂಪ್ಯೂಟರ್ ಬಳಸುವಲ್ಲಿ ಇನ್ನೊಂದು ಇಕ್ಕಟ್ಟು: ಒಬ್ಬರು ಗುಟ್ಟಾಗಿ ಓದಿದ್ದು ಇನ್ನೊಬ್ಬರಿಗೆ ಜಾಹೀರಾತಾಗಿ ಕಾಣಬಹುದು.

ಕುಕಿ ಕಳುವಾದರೆ

ಲಾಗಿನ್ ಕುಕಿ ಕೈಯಲ್ಲಿದ್ದವರನ್ನು ಸರ್ವರ್ ನಿಜವಾದ ಬಳಕೆದಾರರೆಂದೇ ನಂಬುತ್ತದೆ. 2010ರಲ್ಲಿ ಎರಿಕ್ ಬಟ್ಲರ್ ಎಂಬ ಡೆವಲಪರ್ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಸೇರ್ಪಡೆಯನ್ನು ಹೊರತಂದು ಇದನ್ನು ಎಲ್ಲರ ಕಣ್ಣಿಗೆ ಕಾಣುವಂತೆ ಮಾಡಿದರು. ಪಾಸ್‌ವರ್ಡ್ ಇಲ್ಲದ ವೈಫೈಯಲ್ಲಿ ಕೂತವರು ಪಕ್ಕದವರ ಫೇಸ್‌ಬುಕ್ ಖಾತೆಯೊಳಗೆ ಒಂದೇ ಕ್ಲಿಕ್ಕಿಗೆ ಹೋಗಬಹುದಿತ್ತು. ಕುಕಿಗಳು ಗೂಢಲಿಪಿಯ ರಕ್ಷಣೆಯಿಲ್ಲದೆ ಗಾಳಿಯಲ್ಲಿ ಹಾದುಹೋಗುತ್ತಿದ್ದುದೇ ಇದಕ್ಕೆ ಕಾರಣ. ಮುಂದಿನ ವರ್ಷಗಳಲ್ಲಿ ದೊಡ್ಡ ತಾಣಗಳು ಎಚ್‌ಟಿಟಿಪಿಎಸ್ ಅನ್ನು ಎಲ್ಲ ಪುಟಗಳಿಗೂ ವಿಸ್ತರಿಸಿದವು. ಗೂಢಲಿಪಿಯ ಸಂಪರ್ಕದಲ್ಲಿ ಮಾತ್ರ ಹೋಗಬೇಕು, ಪುಟದೊಳಗಿನ ಸ್ಕ್ರಿಪ್ಟ್‌ಗೆ ಸಿಗಬಾರದು, ಬೇರೆ ತಾಣದಿಂದ ಬಂದ ಕೋರಿಕೆಯ ಜೊತೆ ಹೋಗಬಾರದು ಎಂಬ ಮೂರು ಷರತ್ತುಗಳನ್ನು ಕುಕಿಯ ಜೊತೆಗೇ ಬರೆಯುವ ಸೌಲಭ್ಯವಿದೆ. ಎಚ್ಚರದಿಂದ ಕಟ್ಟಿದ ತಾಣಗಳು ಲಾಗಿನ್ ಕುಕಿಗೆ ಇವನ್ನು ತಪ್ಪದೆ ಬಳಸುತ್ತವೆ.

ಈಗಿನ ಕಳ್ಳರು ನೇರವಾಗಿ ಕಂಪ್ಯೂಟರಿನ ಒಳಗೇ ನುಗ್ಗುತ್ತಾರೆ. ಪುಕ್ಕಟೆ ಸಿಗುವ ನಕಲಿ ಸಾಫ್ಟ್‌ವೇರ್, ಇಮೇಲಿನಲ್ಲಿ ಬಂದ ಅನುಮಾನಾಸ್ಪದ ಕಡತ ತೆರೆದರೆ ಬ್ರೌಸರ್‌ನಲ್ಲಿರುವ ಕುಕಿಗಳನ್ನು ದೋಚುವ ಮಾಲ್‌ವೇರ್ ಸೇರಿಕೊಳ್ಳಬಹುದು. ಒಟಿಪಿ ಕೊಟ್ಟ ನಂತರವೇ ಲಾಗಿನ್ ಕುಕಿ ಹುಟ್ಟುವುದರಿಂದ, ಅದನ್ನು ಕದ್ದವರಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಬ್ಯಾಂಕ್ ತಾಣಗಳು ಕೆಲವೇ ನಿಮಿಷ ಸುಮ್ಮನಿದ್ದರೆ ಲಾಗೌಟ್ ಮಾಡುವುದು ಈ ಅಪಾಯ ತಗ್ಗಿಸಲು. ಹೀಗಾಗಿ ಲಾಗೌಟ್ ಗುಂಡಿ ಒತ್ತುವ ಅಭ್ಯಾಸಕ್ಕೆ ಬೆಲೆಯಿದೆ: ಟ್ಯಾಬ್ ಮುಚ್ಚಿದರೆ ಕುಕಿ ಜೀವಂತ ಉಳಿಯಬಹುದು, ಲಾಗೌಟ್ ಮಾಡಿದರೆ ಸರಿಯಾಗಿ ಕಟ್ಟಿದ ಸರ್ವರ್ ಆ ಸಂಖ್ಯೆಯನ್ನೇ ರದ್ದು ಮಾಡುತ್ತದೆ.

ಬ್ರೌಸರ್‌ಗಳ ನಿಲುವು

ಆ್ಯಪಲ್‌ನ ಸಫಾರಿ 2017ರಿಂದ ಹಂತಹಂತವಾಗಿ ಬಿಗಿ ಮಾಡುತ್ತಾ 2020ರ ಮಾರ್ಚ್‌ನಲ್ಲಿ ಥರ್ಡ್ ಪಾರ್ಟಿ ಕುಕಿಗಳನ್ನು ಪೂರ್ತಿಯಾಗಿ ತಡೆಯಿತು. ಫೈರ್‌ಫಾಕ್ಸ್ 2019ರಲ್ಲಿ ಜಾಡು ಹಿಡಿಯುವ ಕುಕಿಗಳಿಗೆ ತಡೆಯೊಡ್ಡಿತು. 2022ರಲ್ಲಿ ಪ್ರತಿ ತಾಣಕ್ಕೂ ಬೇರೆ ಬೇರೆ ಕುಕಿ ಡಬ್ಬಿ ಕೊಡುವ ವ್ಯವಸ್ಥೆಯನ್ನು ಎಲ್ಲರಿಗೂ ಜಾರಿ ಮಾಡಿತು. ಒಂದು ತಾಣದಲ್ಲಿ ಜಾಹೀರಾತು ಕಂಪನಿ ಇಟ್ಟ ಸಂಖ್ಯೆ ಇನ್ನೊಂದು ತಾಣದಲ್ಲಿ ಅದಕ್ಕೆ ಸಿಗುವುದಿಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರೋಮ್ ಬೇರೆ ದಾರಿ ಹಿಡಿಯಿತು. ಎರಡು ವರ್ಷಗಳಲ್ಲಿ ಥರ್ಡ್ ಪಾರ್ಟಿ ಕುಕಿಗಳನ್ನು ನಿಲ್ಲಿಸುವುದಾಗಿ ಗೂಗಲ್ 2020ರ ಜನವರಿಯಲ್ಲಿ ಸಾರಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2024ರ ಜುಲೈಯಲ್ಲಿ ಕಂಪನಿ ಯೋಜನೆಯನ್ನೇ ಕೈಬಿಟ್ಟು, ಆಯ್ಕೆಯನ್ನು ಬಳಕೆದಾರರಿಗೆ ಬಿಡುವುದಾಗಿ ಹೇಳಿತು. ಆ ಆಯ್ಕೆ ಕೇಳುವ ಪ್ರತ್ಯೇಕ ಸೂಚನೆಯೂ ಇರುವುದಿಲ್ಲವೆಂದು 2025ರ ಏಪ್ರಿಲ್‌ನಲ್ಲಿ ತಿಳಿಸಿತು. ಆದ್ದರಿಂದ ಕ್ರೋಮ್ ಬಳಸುವವರು ತಡೆ ಬೇಕಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ತಾವೇ ಹಾಕಿಕೊಳ್ಳಬೇಕು.

ಕಾನೂನು ಹೇಳುವುದು

ಜಾಲತಾಣಗಳಲ್ಲಿ ಕುಕಿ ಒಪ್ಪುತ್ತೀರಾ ಎಂದು ಕೇಳುವ ಪಟ್ಟಿಗಳು ಬಂದದ್ದು ಯುರೋಪಿನಿಂದ. 2002ರ ಇಪ್ರೈವೆಸಿ ನಿರ್ದೇಶನಕ್ಕೆ 2009ರಲ್ಲಿ ತಂದ ತಿದ್ದುಪಡಿ, ಅತ್ಯಗತ್ಯವಲ್ಲದ ಕುಕಿ ಇಡುವ ಮುಂಚೆ ಸಮ್ಮತಿ ಪಡೆಯಬೇಕೆಂದಿತು. ಸಮ್ಮತಿ ಎಂದರೆ ಏನು ಎಂಬುದನ್ನು 2018ರ ಮೇ 25ರಂದು ಜಾರಿಯಾದ ಜಿಡಿಪಿಆರ್ ಎಂಬ ದತ್ತಾಂಶ ಸಂರಕ್ಷಣಾ ಕಾನೂನು ಬಿಗಿಗೊಳಿಸಿತು. ಮೊದಲೇ ಗುರುತು ಹಾಕಿಟ್ಟ ಚೌಕ ಸಮ್ಮತಿಯಾಗದು ಎಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಪ್ರಕರಣದಲ್ಲಿ ತೀರ್ಪಿತ್ತಿತು. ಒಪ್ಪಲು ಒಂದು ಕ್ಲಿಕ್, ನಿರಾಕರಿಸಲು ಹಲವು ಕ್ಲಿಕ್ ಎಂಬ ವಿನ್ಯಾಸಕ್ಕಾಗಿ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಪ್ರಕಟಿಸಿತು.

ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತೀರ್ಪು ಇಂದಿಗೂ ಅವರ ಹೆಸರಿನಲ್ಲೇ ಪ್ರಸಿದ್ಧ. ಅದರ ಮುಂದುವರಿಕೆಯಾಗಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕುಕಿ ಎಂಬ ಹೆಸರನ್ನು ಎತ್ತುವುದಿಲ್ಲ. ಆದರೆ ಕುಕಿಯ ಸಂಖ್ಯೆಯಿಂದ ವ್ಯಕ್ತಿಯನ್ನು ಗುರುತಿಸಲು ಬರುವಲ್ಲಿ ಅದೂ ವೈಯಕ್ತಿಕ ದತ್ತಾಂಶವೇ. ಸಮ್ಮತಿ ಸ್ವತಂತ್ರವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಇರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಬರಬೇಕು ಎನ್ನುತ್ತದೆ ಕಾಯ್ದೆ. 18 ವರ್ಷದೊಳಗಿನವರ ಜಾಡು ಹಿಡಿಯುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಅದು ನಿಷೇಧಿಸುತ್ತದೆ.

ಕನ್ನಡಿಗರ ಮಟ್ಟಿಗೆ ಮುಖ್ಯವಾದ ಇನ್ನೊಂದು ಅಂಶ ಇದರಲ್ಲಿದೆ. ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗೆ ಇರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಅರ್ಥವಾಗದ ಭಾಷೆಯಲ್ಲಿ ಬಂದ ಪಟ್ಟಿಗೆ ಹೂಂ ಅನ್ನಿಸಿಕೊಳ್ಳುವುದು ನಿಜವಾದ ಸಮ್ಮತಿಯಲ್ಲ ಎಂಬ ತಿಳಿವಳಿಕೆಗೆ ಇಲ್ಲಿ ಕಾನೂನಿನ ಬಲ ಸಿಕ್ಕಿದೆ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ ಸಿದ್ಧರಾಗಲು ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದೆ.

ಸಮ್ಮತಿ ಪಟ್ಟಿಯನ್ನು ಓದುವ ಕ್ರಮ

ಪಟ್ಟಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಗಗಳಿರುತ್ತವೆ.

ಅತ್ಯಗತ್ಯ ಕುಕಿಗಳು: ಲಾಗಿನ್, ಸುರಕ್ಷತೆ, ಖರೀದಿ ಬುಟ್ಟಿ. ಇವನ್ನು ನಿಲ್ಲಿಸಲು ಬರುವುದಿಲ್ಲ, ನಿಲ್ಲಿಸಬೇಕಾದ ಅಗತ್ಯವೂ ಇಲ್ಲ.

ಆದ್ಯತೆಯ ಕುಕಿಗಳು: ಭಾಷೆ, ಊರು, ಅಕ್ಷರದ ಗಾತ್ರ. ಆ ಅನುಕೂಲ ಬೇಕಿದ್ದರೆ ಒಪ್ಪಬಹುದು.

ವಿಶ್ಲೇಷಣೆಯ ಕುಕಿಗಳು: ಭೇಟಿಗಳ ಎಣಿಕೆ. ಒಪ್ಪದಿದ್ದರೂ ತಾಣ ಎಂದಿನಂತೆ ನಡೆಯುತ್ತದೆ.

ಜಾಹೀರಾತು ಅಥವಾ ಮಾರುಕಟ್ಟೆಯ ಕುಕಿಗಳು: ತಾಣದಿಂದ ತಾಣಕ್ಕೆ ಜಾಡು ಹಿಡಿಯುವವು ಇವೇ. ಇವನ್ನು ನಿರಾಕರಿಸಿದರೆ ಜಾಹೀರಾತು ನಿಲ್ಲದು. ಬೇರೆಡೆ ನೋಡಿದ್ದರ ಆಧಾರದ ಮೇಲೆ ಆರಿಸಿ ತೋರಿಸುವುದು ಕಡಿಮೆಯಾಗುತ್ತದೆ.

ಒಪ್ಪಿಗೆಯ ಗುಂಡಿಗೆ ಗಾಢ ಬಣ್ಣ, ನಿರಾಕರಣೆಗೆ ಕಣ್ಣಿಗೆ ಬೀಳದ ಬೂದು ಬಣ್ಣ ಇರುವ ಪಟ್ಟಿಗಳು ಬಹಳ. ನಿರಾಕರಣೆಯ ಗುಂಡಿಯೇ ಕಾಣದಿದ್ದರೆ ‘ಆಯ್ಕೆಗಳನ್ನು ನಿರ್ವಹಿಸಿ’ ಎಂಬಂಥ ಕೊಂಡಿಯ ಒಳಗೆ ಅದು ಇರುತ್ತದೆ. ಅಲ್ಲಿ ನ್ಯಾಯಸಮ್ಮತ ಹಿತಾಸಕ್ತಿ ಎಂಬ ಶೀರ್ಷಿಕೆಯ ಅಡಿಯಲ್ಲಿ ಮೊದಲೇ ಚಾಲೂ ಮಾಡಿಟ್ಟ ಸ್ವಿಚ್‌ಗಳಿದ್ದರೆ ಅವನ್ನೂ ಬಂದ್ ಮಾಡಬೇಕು. ಬಳಕೆದಾರರನ್ನು ದಾರಿ ತಪ್ಪಿಸುವ ಇಂಥ ವಿನ್ಯಾಸಗಳಿಗೆ ಡಾರ್ಕ್ ಪ್ಯಾಟರ್ನ್ ಎಂಬ ಹೆಸರಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಪಟ್ಟಿ ಮಾಡಿದೆ. ಒಂದು ಆಯ್ಕೆಯನ್ನು ಎತ್ತಿ ತೋರಿಸಿ ಇನ್ನೊಂದನ್ನು ಮರೆಮಾಚುವುದೂ ಅದರಲ್ಲಿ ಸೇರಿದೆ. ಆನ್‌ಲೈನ್ ಅಂಗಡಿಗಳ ಇಂಥ ನಡವಳಿಕೆಯ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಬಳಕೆದಾರರು ಮಾಡಬಹುದಾದದ್ದು

1. ಥರ್ಡ್ ಪಾರ್ಟಿ ಕುಕಿ ತಡೆಯುವುದು. ಆ್ಯಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೂರು ಚುಕ್ಕಿಗಳನ್ನು ಒತ್ತಿ ಸೆಟ್ಟಿಂಗ್ಸ್, ಅಲ್ಲಿಂದ ಸೈಟ್ ಸೆಟ್ಟಿಂಗ್ಸ್, ಅಲ್ಲಿ ಥರ್ಡ್ ಪಾರ್ಟಿ ಕುಕೀಸ್. ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್‌ನ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ ವಿಭಾಗದಲ್ಲಿ ಇದೇ ಹೆಸರಿನ ಆಯ್ಕೆ ಇದೆ. ಎರಡರಲ್ಲೂ ಬ್ಲಾಕ್ ಎಂಬುದನ್ನು ಆರಿಸಬೇಕು. ಫೈರ್‌ಫಾಕ್ಸ್‌ನಲ್ಲಿ ಎನ್‌ಹ್ಯಾನ್ಸ್ಡ್ ಟ್ರ್ಯಾಕಿಂಗ್ ಪ್ರೊಟೆಕ್ಷನ್ ಮೊದಲೇ ಚಾಲೂ ಇರುತ್ತದೆ. ಇನ್ನೂ ಬಿಗಿ ಬೇಕಿದ್ದರೆ ಸ್ಟ್ರಿಕ್ಟ್ ಆರಿಸಬಹುದು. ಐಫೋನಿನ ಸಫಾರಿಯಲ್ಲಿ ಪ್ರಿವೆಂಟ್ ಕ್ರಾಸ್-ಸೈಟ್ ಟ್ರ್ಯಾಕಿಂಗ್ ಚಾಲೂ ಇದೆಯೇ ಎಂದು ನೋಡಿಕೊಂಡರೆ ಸಾಕು.

2. ಕೆಟ್ಟುಹೋದ ಪುಟಕ್ಕೆ ವಿನಾಯಿತಿ. ತಡೆ ಹಾಕಿದ ಮೇಲೆ ಹಣ ಕಟ್ಟುವ ಪುಟವೋ ಬೇರೆ ತಾಣದ ಖಾತೆಯಿಂದ ಲಾಗಿನ್ ಆಗುವ ಗುಂಡಿಯೋ ಅಪರೂಪಕ್ಕೆ ಕೈಕೊಡಬಹುದು. ಆಗ ತಡೆಯನ್ನೇ ತೆಗೆದುಹಾಕದೆ, ಆ ಒಂದು ತಾಣಕ್ಕೆ ಮಾತ್ರ ಅನುಮತಿ ಕೊಡುವುದು ಸರಿಯಾದ ದಾರಿ.

3. ಹಳೆಯ ಕುಕಿ ಅಳಿಸುವುದು. ಬ್ರೌಸಿಂಗ್ ಡೇಟಾ ಅಳಿಸುವ ಆಯ್ಕೆಯಲ್ಲಿ ಕುಕೀಸ್ ಆ್ಯಂಡ್ ಸೈಟ್ ಡೇಟಾ ಎಂಬ ಚೌಕಕ್ಕೆ ಗುರುತು ಹಾಕಬೇಕು. ಎಲ್ಲ ತಾಣಗಳಿಂದಲೂ ಲಾಗೌಟ್ ಆಗುವುದರಿಂದ ಪಾಸ್‌ವರ್ಡ್‌ಗಳು ನೆನಪಿವೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳುವುದು ಒಳಿತು. ಬೇಕೆಂದರೆ ಒಂದೊಂದೇ ತಾಣದ ಕುಕಿಗಳನ್ನೂ ಅಳಿಸಬಹುದು.

4. ಸೈಬರ್ ಕೆಫೆ, ಕಚೇರಿ, ಗ್ರಂಥಾಲಯದ ಕಂಪ್ಯೂಟರಿನಲ್ಲಿ ಇನ್‌ಕಾಗ್ನಿಟೊ ಕಿಟಕಿ ಬಳಸುವುದು. ಅದನ್ನು ಮುಚ್ಚಿದೊಡನೆ ಆ ಅವಧಿಯ ಕುಕಿಗಳು ಅಳಿಯುತ್ತವೆ. ಆದರೆ ಇದು ಆ ಕಂಪ್ಯೂಟರಿನಲ್ಲಿ ಗುರುತು ಉಳಿಯದಂತೆ ನೋಡಿಕೊಳ್ಳುತ್ತದೆಯೇ ಹೊರತು, ತೆರೆದ ತಾಣದಿಂದಾಗಲಿ ಇಂಟರ್‌ನೆಟ್ ಸೇವೆ ಕೊಡುವವರಿಂದಾಗಲಿ ಕಚೇರಿಯ ಜಾಲದಿಂದಾಗಲಿ ಮರೆಮಾಚುವುದಿಲ್ಲ.

5. ಬ್ಯಾಂಕ್, ಇಮೇಲ್, ಸರ್ಕಾರಿ ಸೇವೆಗಳ ಕೆಲಸ ಮುಗಿದ ಕೂಡಲೇ ಲಾಗೌಟ್ ಮಾಡುವುದು. ಖಾತೆಯ ಸುರಕ್ಷತಾ ಪುಟದಲ್ಲಿ ಯಾವ ಯಾವ ಸಾಧನಗಳಲ್ಲಿ ಲಾಗಿನ್ ಆಗಿದೆ ಎಂಬ ಪಟ್ಟಿ ನೋಡಿ, ಗುರುತಿಲ್ಲದ್ದನ್ನು ತೆಗೆದುಹಾಕುವುದು. ಕುಕಿ ಕಳುವಾದ ಅನುಮಾನ ಬಂದರೆ ಬೇರೆ ಸ್ವಚ್ಛ ಸಾಧನದಿಂದ ಎಲ್ಲ ಕಡೆ ಲಾಗೌಟ್ ಮಾಡಿ ಪಾಸ್‌ವರ್ಡ್ ಬದಲಿಸುವುದು.

ಕುಕಿಯಾಚೆಗಿನ ಜಾಡು

ಕುಕಿ ತಡೆದರೆ ಜಾಡು ಹಿಡಿಯುವುದು ಪೂರ್ತಿ ನಿಲ್ಲುವುದಿಲ್ಲ. ಬ್ರೌಸರ್ ಆವೃತ್ತಿ, ಪರದೆಯ ಅಳತೆ, ಅಕ್ಷರ ಶೈಲಿಗಳು, ಸಮಯ ವಲಯ ಮುಂತಾದವನ್ನು ಒಟ್ಟು ಸೇರಿಸಿ ಸಾಧನವನ್ನು ಗುರುತಿಸುವ ವಿಧಾನಕ್ಕೆ ಫಿಂಗರ್‌ಪ್ರಿಂಟಿಂಗ್ ಎನ್ನುತ್ತಾರೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ಬ್ರೌಸರ್‌ಗಳ ಪೈಕಿ ಶೇ 83.6ರಷ್ಟಕ್ಕೆ ಬೇರಾವುದಕ್ಕೂ ಹೋಲದ ಗುರುತು ಇತ್ತು. ಇದರಲ್ಲಿ ಸಾಧನದಲ್ಲಿ ಏನನ್ನೂ ಬರೆದಿಡುವುದಿಲ್ಲವಾದ್ದರಿಂದ ಅಳಿಸಲು ಏನೂ ಸಿಗುವುದಿಲ್ಲ. ಸಫಾರಿ, ಫೈರ್‌ಫಾಕ್ಸ್, ಬ್ರೇವ್ ಬ್ರೌಸರ್‌ಗಳು ಇದನ್ನು ತಕ್ಕಮಟ್ಟಿಗೆ ಅಡ್ಡಗಟ್ಟುತ್ತವೆ.

ಫೋನಿನ ಆ್ಯಪ್‌ಗಳಲ್ಲಿ ಕುಕಿಯ ಜಾಗವನ್ನು ಜಾಹೀರಾತು ಐಡಿ ತುಂಬುತ್ತದೆ. ಆ್ಯಂಡ್ರಾಯ್ಡ್ ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದ ಆ್ಯಡ್ಸ್ ಎಂಬಲ್ಲಿ ಇದನ್ನು ಅಳಿಸಬಹುದು. ಐಫೋನಿನಲ್ಲಿ 2021ರಿಂದ ಜಾಡು ಹಿಡಿಯುವ ಮುಂಚೆ ಪ್ರತಿ ಆ್ಯಪ್ ಅನುಮತಿ ಕೇಳಬೇಕು. ಟ್ರ್ಯಾಕಿಂಗ್ ವಿಭಾಗದಲ್ಲಿ ಆ ಕೋರಿಕೆಯನ್ನೇ ಸಾರಾಸಗಟಾಗಿ ನಿಲ್ಲಿಸಲೂ ಬರುತ್ತದೆ. ಗೂಗಲ್, ಫೇಸ್‌ಬುಕ್‌ನಂಥ ಖಾತೆಗಳಲ್ಲಿ ಲಾಗಿನ್ ಆಗಿಯೇ ಇರುವವರ ಚಟುವಟಿಕೆ ನೇರವಾಗಿ ಖಾತೆಗೇ ಸೇರುವುದರಿಂದ, ಆಯಾ ಖಾತೆಯ ಜಾಹೀರಾತು ಹಾಗೂ ಚಟುವಟಿಕೆ ಸೆಟ್ಟಿಂಗ್ಸ್‌ಗಳನ್ನು ಬೇರೆಯಾಗಿ ಬದಲಿಸಬೇಕು.

ಇವೆಲ್ಲವನ್ನೂ ಒಂದೇ ದಿನ ಮಾಡಬೇಕೆಂದಿಲ್ಲ. ಥರ್ಡ್ ಪಾರ್ಟಿ ಕುಕಿ ತಡೆ, ಜಾಹೀರಾತು ಐಡಿ ಅಳಿಸುವಿಕೆ ಎರಡನ್ನೂ ಒಮ್ಮೆ ಮಾಡಿಟ್ಟರೆ ಅವು ತಾವಾಗಿ ಕಾಯುತ್ತಿರುತ್ತವೆ. ದಿನನಿತ್ಯ ಉಳಿಯುವುದು ಎರಡೇ ಅಭ್ಯಾಸ: ಸಮ್ಮತಿ ಪಟ್ಟಿ ಬಂದಾಗ ನಿರಾಕರಣೆಯ ಗುಂಡಿಯನ್ನು ಹುಡುಕುವುದು, ಕೆಲಸ ಮುಗಿದಾಗ ಲಾಗೌಟ್ ಮಾಡುವುದು.